ಸಂಗಮೇಶ ಬೆಂಚಿಗೆ ಹೋದ ವರ್ಷ

ನಾನು ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಬ್ಯಾಸ್ಕೆಟ್‌ಬಾಲ್ ಆಡಿದ್ದು ಯೂನಿವರ್ಸಿಟಿ ತಂಡದವರೆಗೆ ಮಾತ್ರ, ಅದೂ ಎಷ್ಟೋ ವರ್ಷಗಳ ಹಿಂದೆ. ಆಗ ನನಗೆ ಸೀನಿಯರ್ ಆಗಿದ್ದ ಶಶಿಧರ್ ಒಂದು ದಿನ ಫೋನ್ ಮಾಡಿದರು.

"ಅರ್ಪಿತ, ಒಂದು ಪ್ರೊ ಟೀಮ್‌ಗೆ ಕೋಚ್ ಆಗಿದೀನಿ. ಮ್ಯಾಚ್‌ಗಳ ಅಂಕಿಅಂಶ ನೋಡ್ಕೊಳ್ಳೋರು ಯಾರೂ ಇಲ್ಲ. ಒಂದ್ ಸೀಸನ್ ಬರ್ತೀಯಾ?"

ಒಪ್ಪಿಕೊಂಡೆ. ಸಂಗಮೇಶನ ಪರಿಚಯವಾದದ್ದು ಹಾಗೆ.

ಎಂಟು ತಂಡಗಳ ಹೊಸ ಲೀಗ್ ಅದು. ನಮ್ಮ ತಂಡದ ಹೆಸರು ಬನಶಂಕರಿ ಕೈಟ್ಸ್. ಮಾಲೀಕರು ಹೊಸಕೆರೆಹಳ್ಳಿಯ ಬೈರಣ್ಣನವರು. ಅವರ ತಂದೆ ಚಿಕ್ಕಬೈರಪ್ಪ ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದವರು. ಆ ಹೊಲದ ಮೇಲೆ ಈಗ ಬೈರಣ್ಣನವರ ಕಲ್ಯಾಣ ಮಂಟಪ ನಿಂತಿದೆ. ಬ್ಯಾಸ್ಕೆಟ್‌ಬಾಲ್‌ನ ನಿಯಮಗಳು ಅವರಿಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ, ಆದರೆ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಇಂಗ್ಲಿಷಿನಲ್ಲಿ ಕೈಟ್ ಎಂದರೆ ಹದ್ದೂ ಹೌದೆಂದು ಜರ್ಸಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದನ್ನು ಬರೆಸಿದ್ದರು. ಜನಕ್ಕೆ ಮಾತ್ರ ಕೈಟ್ಸ್ ಅಂದರೆ ಗಾಳಿಪಟ. ಮೊದಲ ಮೂರು ಪಂದ್ಯ ಸೋತಾಗ ಒಂದು ಪತ್ರಿಕೆ 'ಸೂತ್ರ ಹರಿದ ಗಾಳಿಪಟ' ಎಂದು ತಲೆಬರಹ ಕೊಟ್ಟಿತು.

ಸೋಲುವುದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಬೇರೆ ಏಳು ತಂಡಗಳು ಆರಿಸಿಕೊಂಡ ಮೇಲೆ ಉಳಿದವರೇ ನಮ್ಮವರು. ಹುಳಿಮಾವಿನ ಮನು ಎಂಬ ಇಪ್ಪತ್ತೆರಡರ ಹುಡುಗನನ್ನು ಎತ್ತರ ಸಾಲದೆಂದು ಎರಡು ಕಡೆ ವಾಪಸ್ ಕಳಿಸಿದ್ದರು. ಬ್ಯಾಸ್ಕೆಟ್ಟಿನ ಕೆಳಗೆ ನಿಲ್ಲುತ್ತಿದ್ದ ವಿಷ್ಣು ಮೂಲತಃ ವಾಲಿಬಾಲ್ ಆಟಗಾರ. ನಮ್ಮಲ್ಲಿ ಹೆಸರಿದ್ದವನು ಸಂಗಮೇಶ ಒಬ್ಬನೇ, ಅವನಿಗೂ ಆಗ ಮೂವತ್ತೊಂದು ವಯಸ್ಸು.

ಮುಧೋಳದ ಹತ್ತಿರದ ಹಳ್ಳಿಯವನು. ಆರಡಿ ನಾಲ್ಕಿಂಚು ಎತ್ತರ. ಹನ್ನೆರಡನೇ ವಯಸ್ಸಿಗೇ ಧಾರವಾಡದ ಕ್ರೀಡಾ ಹಾಸ್ಟೆಲ್ ಸೇರಿದವನು, ಆಮೇಲೆ ಒಂದೊಂದು ಊರಿನಲ್ಲಿ ಒಂದೊಂದು ತಂಡಕ್ಕೆ ಆಡುತ್ತ ಬಂದು ಬಿಟಿಎಂ ಎರಡನೇ ಹಂತದಲ್ಲಿ ತಾಯಿಯೊಂದಿಗೆ ಬಾಡಿಗೆಗಿದ್ದ. ಅದುವರೆಗೆ ಅವನು ಆಡಿದ ಯಾವ ತಂಡವೂ ಒಂದು ಕಪ್ ಗೆದ್ದಿರಲಿಲ್ಲ. ಅದು ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು ಎಂದು ನನಗೆ ಗೊತ್ತಾದದ್ದು ತಡವಾಗಿ. ಹೊರಗೆ ನೋಡಿದರೆ ಮಾತು ಕಮ್ಮಿ, ಊಟ ಜಾಸ್ತಿ, ಅಭ್ಯಾಸಕ್ಕೆ ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಹಾಜರು. ನನಗೆ ಕುರ್ಚಿ ಸಿಗದಿದ್ದರೆ ತಾನೇ ಎಲ್ಲಿಂದಲೋ ಎತ್ತಿ ತಂದು ಹಾಕುತ್ತಿದ್ದ.

ಮೊದಲ ಆರು ಪಂದ್ಯಗಳನ್ನೂ ನಾವು ಸೋತೆವು. ಆ ಆರರಲ್ಲಿ ಸಂಗಮೇಶ ಪಂದ್ಯಕ್ಕೆ ಸರಾಸರಿ ಇಪ್ಪತ್ತಾರು ಅಂಕ ಹೊಡೆದಿದ್ದ. ಇಡೀ ಲೀಗ್‌ನಲ್ಲಿ ಅದೇ ಹೆಚ್ಚು. ಬನಶಂಕರಿ ಬಸ್ ನಿಲ್ದಾಣದ ಸುತ್ತ ಬೈರಣ್ಣನವರು ಹಾಕಿಸಿದ ಎಲ್ಲ ಪೋಸ್ಟರ್‌ಗಳಲ್ಲೂ ಅವನದೇ ಮುಖ. ಒಬ್ಬನೇ ಎಷ್ಟು ಎಳೆದಾನು ಪಾಪ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಆಗ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಏಳನೇ ಪಂದ್ಯದ ಹಿಂದಿನ ದಿನ ಅಭ್ಯಾಸದಲ್ಲಿ ಅವನ ಪಾದ ಉಳುಕಿತು. ಎರಡು ಪಂದ್ಯ ಆಡುವಂತಿರಲಿಲ್ಲ. ಅವನಿಲ್ಲದೆ ನಾವು ಒಂದನ್ನು ಒಂದೇ ಅಂಕದಿಂದ ಸೋತೆವು, ಇನ್ನೊಂದನ್ನು ಒಂಬತ್ತು ಅಂಕಗಳಿಂದ ಗೆದ್ದೆವು. ನಮ್ಮ ಮೊದಲ ಗೆಲುವು! ಒಂಬತ್ತನೆಯದಕ್ಕೆ ಅವನು ಮರಳಿದ, ಮೂವತ್ತೊಂದು ಅಂಕ ಹೊಡೆದ, ಹದಿನೇಳು ಅಂಕಗಳಿಂದ ಸೋತೆವು.

ಅಷ್ಟರಲ್ಲಿ ನನಗೆ ವಿಷಯ ಗೊತ್ತಾಗಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಸರಳ ಅಳತೆ ಇದೆ. ಒಬ್ಬ ಆಟಗಾರ ಅಂಕಣದಲ್ಲಿದ್ದಷ್ಟು ಹೊತ್ತು ತಂಡ ಎಷ್ಟು ಗಳಿಸಿತು, ಎಷ್ಟು ಬಿಟ್ಟುಕೊಟ್ಟಿತು ಎಂದು ನೋಡಿ ಒಂದರಿಂದ ಇನ್ನೊಂದನ್ನು ಕಳೆಯುವುದು. ಒಂಬತ್ತು ಪಂದ್ಯಗಳಲ್ಲಿ ಸಂಗಮೇಶ ಆಡುತ್ತಿದ್ದಾಗ ತಂಡ ಒಟ್ಟು ನೂರಾ ಎಂಟು ಅಂಕ ಹಿಂದಿತ್ತು. ಅವನಿಲ್ಲದಾಗ ಇಪ್ಪತ್ತೆರಡು ಅಂಕ ಮುಂದಿತ್ತು.

ಶಶಿಧರ್‌ಗೆ ತೋರಿಸಿದೆ. ಅವರು ಲ್ಯಾಪ್‌ಟಾಪ್ ನೋಡಿ ಮುಚ್ಚಿದರು.

"ನನಗೂ ಅನ್ನಿಸ್ತಿತ್ತು. ಆದ್ರೆ ಅವನಿಗೆ ಹೋಗಿ ಹೇಳೋರು ಯಾರು?"

ಹೇಳುವ ಅಗತ್ಯ ಬರಲಿಲ್ಲ. ಸೋತ ಮರುದಿನ ಬೆಳಗ್ಗೆ ಸಂಗಮೇಶನೇ ಫೋನ್ ಮಾಡಿ ಕಾಲೇಜಿನ ಹತ್ತಿರ ಬಂದ. ಎದುರಿನ ದರ್ಶಿನಿಯಲ್ಲಿ ಎರಡು ಕಾಫಿ ತಗೊಂಡು ನಿಂತೆವು. ಅವನ ಎತ್ತರಕ್ಕೆ ಆ ಟೇಬಲ್ ಮೊಣಕಾಲಿಗೆ ಬಂದಂತಿತ್ತು.

"ಮೇಡಂ, ಒಂದ್ ಮಾತ್ ಕೇಳ್ತೀನಿ, ಖರೇ ಹೇಳ್ರಿ. ಆ ಎರಡು ಮ್ಯಾಚ್ ನಾ ಹೊರಗ ಕುಂತು ನೋಡಿದೆ. ಅವ್ರು ಬ್ಯಾರೆ ಟೀಮ್ ಕಂಡಂಗ ಕಂಡ್ರು. ನನ್ನ ಕಣ್ಣಿಗಷ್ಟ ಹಂಗ ಕಂಡಿತೋ, ನಿಮ್ಮ ಲೆಕ್ಕದಾಗೂ ಹಂಗ ಐತೋ?"

ಸುಳ್ಳು ಹೇಳಬಹುದಿತ್ತು. ಎರಡೇ ಪಂದ್ಯದ ಮೇಲೆ ಏನೂ ಹೇಳಲಾಗದು, ಮಾದರಿ ಚಿಕ್ಕದು ಎಂದರೆ ಸಾಕಿತ್ತು, ಅದು ಶಾಸ್ತ್ರದ ಪ್ರಕಾರ ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆ ಎರಡು ಸಂಖ್ಯೆಗಳನ್ನೂ ಹೇಳಿಬಿಟ್ಟೆ.

ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಿವಿಗಳು ಕೆಂಪಾದವು.

"ಇಪ್ಪತ್ತಾರು ಪಾಯಿಂಟ್ ಹೊಡ್ಯಾಕತ್ತೀನ್ರಿ ನಾ! ಹೊಡೆಯೂದು ತಪ್ಪೇನು?"

"ತಪ್ಪಲ್ಲ ಸಂಗಮೇಶ್. ನೀವು ಚೆಂಡು ಹಿಡಿದ ಕೂಡ್ಲೇ ಉಳಿದ ನಾಲ್ಕು ಜನ ನಿಂತ್ಬಿಡ್ತಾರೆ. ನೀವೇ ಏನಾದ್ರೂ ಮಾಡ್ತೀರ ಅಂತ ನೋಡ್ತಾ ಇರ್ತಾರೆ. ಎದುರು ಟೀಮ್‌ನವರಿಗೆ ಅದು ಗೊತ್ತಾಗಿದೆ, ನಿಮ್ಮ ಮೇಲೆ ಇಬ್ಬರನ್ನ ಬಿಡ್ತಾರೆ. ನೀವು ಇಲ್ದಿದ್ರೆ ಐದೂ ಜನ ಓಡ್ತಾರೆ."

"ಅಂದ್ರ ನಾ ಛಲೋ ಆಡಿದಷ್ಟೂ ಟೀಮ್ ಕೆಡತೈತಿ."

ಅವನು ಕಾಫಿ ಹಾಗೇ ಬಿಟ್ಟು ಹೊರಟ. ರಸ್ತೆ ದಾಟುವಾಗ ಆಚೀಚೆಯೂ ನೋಡಲಿಲ್ಲ. ಒಬ್ಬ ಆಟೋದವನು ಬೈದದ್ದು ಕೇಳಿಸಿತು.

ಅವತ್ತು ಮಧ್ಯಾಹ್ನದ ತರಗತಿಯಲ್ಲಿ ನಾನು ಸರಾಸರಿಯ ಬಗ್ಗೆ ಪಾಠ ಮಾಡಬೇಕಿತ್ತು. ಬೋರ್ಡಿನ ಮೇಲೆ ಬರೆದ ಪ್ರತಿ ಸಂಖ್ಯೆಯ ಹಿಂದೆಯೂ ಅವನ ಕೆಂಪು ಕಿವಿಗಳು ಕಾಣುತ್ತಿದ್ದವು. ಇಪ್ಪತ್ತು ವರ್ಷ ಒಂದೇ ಕೆಲಸ ಕಲಿತವನಿಗೆ, ನಿನ್ನ ಕೆಲಸ ನೀನು ಚೆನ್ನಾಗಿ ಮಾಡುವುದೇ ತೊಂದರೆ ಎಂದು ಹೇಳಿ ಬಂದಿದ್ದೆ.

ಎರಡು ದಿನ ಅವನು ನನ್ನೊಂದಿಗೆ ಮಾತಾಡಲಿಲ್ಲ. ಮೂರನೇ ದಿನ ಅಭ್ಯಾಸದ ನಡುವೆ ಶಶಿಧರ್ ಹತ್ತಿರ ಹೋಗಿ, "ಸರ್, ಹನ್ನೊಂದು ಪಾಯಿಂಟಿನ ಆಟ ಆಡೂಣು. ಮನು ಮತ್ತ ನಾಲ್ಕು ಮಂದಿ ಒಂದ್ ಕಡೆ. ನಾ ಮತ್ತ ನಾಲ್ಕು ಮಂದಿ ಒಂದ್ ಕಡೆ. ಒಳ್ಳೇ ಆಟಗಾರರನ್ನ ನನಗ ಕೊಡ್ರಿ," ಎಂದ. ಮೊದಲು ಹನ್ನೊಂದು ಅಂಕ ತಲುಪಿದವರು ಗೆದ್ದಂತೆ.

ಇದು ನನ್ನ ಲೆಕ್ಕದ ಪರೀಕ್ಷೆ ಎಂದು ಆಟಗಾರರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಶಶಿಧರ್‌ಗೆ, ನನಗೆ. ಸಂಗಮೇಶ ಅವತ್ತು ಆಡಿದ ಹಾಗೆ ಲೀಗ್‌ನಲ್ಲೂ ಆಡಿರಲಿಲ್ಲ. ತನ್ನ ಕಡೆಯ ಆರೂ ಅಂಕಗಳನ್ನು ಅವನೇ ಹೊಡೆದ. ಆದರೆ ಮನುವಿನ ಕಡೆಯವರು ಒಬ್ಬರಿಂದೊಬ್ಬರಿಗೆ ಚೆಂಡು ದಾಟಿಸುತ್ತ, ಯಾರು ಎಲ್ಲಿಂದ ನುಗ್ಗುತ್ತಾರೆಂದೇ ತಿಳಿಯದ ಹಾಗೆ ಓಡಿ ಹನ್ನೊಂದು–ಆರರಿಂದ ಗೆದ್ದರು. ಮನು ಕೈ ಎತ್ತಿ ಕೂಗಿದ. ಸಂಗಮೇಶ ಚೆಂಡನ್ನು ಕಂಕುಳಲ್ಲಿ ಹಿಡಿದುಕೊಂಡು ಒಂದು ನಿಮಿಷ ಅಲ್ಲೇ ನಿಂತಿದ್ದ. ಆಮೇಲೆ ನಮ್ಮ ಕಡೆ ಬಂದ.

"ಸರ್, ನಾ ಬೆಂಚಿನ ಮ್ಯಾಲ ಕುಂದರ್ತೀನಿ. ನನ್ನ ಜಾಗಾದಾಗ ಮನುನ್ನ ಆಡಸ್ರಿ."

ಶಶಿಧರ್ ಅವನ ಭುಜದ ಮೇಲೆ ಕೈಯಿಟ್ಟರು. "ಸರಿ. ನೀನೇ ಕೇಳ್ದೆ ಅಂತ ಎಲ್ರಿಗೂ ಹೇಳ್ತೀನಿ. ನಿನ್ ಮರ್ಯಾದೆ ಉಳೀಲಿ."

"ಬ್ಯಾಡ್ರಿ! ನಾ ಬಿಟ್ಟುಕೊಟ್ಟೆ ಅಂತ ಗೊತ್ತಾದ್ರ ಆ ಹುಡುಗ ಒಂದೊಂದ್ ತಪ್ಪಿಗೂ ನನ್ನ ಕಡೆ ನೋಡ್ತಾನ. ಋಣ ಅಂತ ಆಡ್ತಾನ. ಹಂಗ ಆಡಾಕ ಬರೂದಿಲ್ಲ ಸರ್. ನೀವ ನನ್ನ ತಗದ್ರಿ ಅಂತ ಹೇಳ್ರಿ. ಖರೇ ಮಾತು ನಮ್ಮ ಮೂರು ಮಂದ್ಯಾಗ ಇರ್ಲಿ."

ಸುದ್ದಿ ಕೇಳಿ ಬೈರಣ್ಣನವರು ಸಂಜೆಯೇ ಓಡಿಬಂದರು. "ಶಶಿಧರ್ ಸಾರ್, ತಲೆ ಕೆಟ್ಟಿದ್ಯಾ? ಇಡೀ ಬನಶಂಕರಿ ತುಂಬ ಅವನ ಫೋಟೋ ಹಾಕ್ಸಿದೀನಿ. ಅವನನ್ನೇ ಕೂರ್ಸ್ತೀನಿ ಅಂತೀರಲ್ಲ!" ಶಶಿಧರ್ ನೆಲ ನೋಡುತ್ತ, "ಐದು ಮ್ಯಾಚ್ ಉಳಿದಿದೆ ಬೈರಣ್ಣ. ಹೇಗೂ ಕೊನೇಲಿ ಇದೀವಿ. ಒಂದ್ ಸಲ ನೋಡೋಣ ಬಿಡಿ," ಎಂದರು. ಕೊನೆಯ ಸ್ಥಾನಕ್ಕಿಂತ ಕೆಳಗೆ ಹೋಗುವುದಕ್ಕಾಗದು ಎಂಬುದು ಬೈರಣ್ಣನವರೂ ಒಪ್ಪಬೇಕಾದ ಮಾತಾಗಿತ್ತು.

ಹತ್ತನೇ ಪಂದ್ಯ ನಮ್ಮ ಊರಿನಲ್ಲೇ. ಸಂಗಮೇಶ ಬೆಂಚಿನ ತುದಿಯಲ್ಲಿ ಕೂತ. ಜನ ಅವನ ಹೆಸರು ಕೂಗಿದರು, ಕೋಚ್‌ಗೆ ಬೈದರು. ನಾವು ಹನ್ನೆರಡು ಅಂಕಗಳಿಂದ ಗೆದ್ದೆವು. ಇಡೀ ಬೆಂಚು ಎದ್ದು ಕುಣಿಯುವಾಗ ಅವನೂ ಎದ್ದ, ಆದರೆ ಚಪ್ಪಾಳೆ ತಟ್ಟಲಿಲ್ಲ. ಟವೆಲ್ಲನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ಅದನ್ನು ನಾನು ನೋಡಿದೆನೆಂದು ಅವನಿಗೆ ಗೊತ್ತಾಯಿತು. ಎಷ್ಟೋ ದಿನಗಳ ಮೇಲೆ ಅವನೇ ಹೇಳಿದ: "ಅವತ್ತ ಸೋಲ್ಲಿ ಅಂತ ಕುಂತಿದ್ದೆ ಮೇಡಂ. ಸೋತ್ರ ನಿಮ್ಮ ಲೆಕ್ಕ ಸುಳ್ಳಾಗ್ತಿತ್ತು."

ಪಂದ್ಯ ಮುಗಿದು ಹೊರಬರುವಾಗ ಅವನ ತಾಯಿ ಶರಣಮ್ಮ ಬಾಗಿಲಲ್ಲೇ ಕಾದಿದ್ದರು. ಊರಿನ ಪಂದ್ಯಗಳಿಗೆಲ್ಲ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು. ಶಶಿಧರ್‌ರನ್ನು ಅಡ್ಡಗಟ್ಟಿದರು.

"ಏನ್ರಿ ಸರ, ನನ್ನ ಮಗ ಏನ್ ತಪ್ಪ ಮಾಡ್ಯಾನ? ಇಷ್ಟ್ ಮಂದಿ ಮುಂದ ಅವನ್ನ ಹಂಗ ಕುಂದ್ರಸಿ ಇಟ್ರಲ್ಲ, ನಿಮಗ ಹೆಂಗ ಮನಸ್ ಬಂತು?"

ಸುತ್ತ ಜನ ಸೇರಿದರು. ಶಶಿಧರ್ ಕೊಟ್ಟ ಮಾತಿಗೆ ಕಟ್ಟುಬಿದ್ದು, "ಕ್ಷಮಿಸಿ ಅಮ್ಮ," ಎಂದಷ್ಟೇ ಹೇಳಿ ತಲೆ ತಗ್ಗಿಸಿದರು. ಮನು ಅಲ್ಲೇ ಇದ್ದ. ಅವನ ಮುಖದ ಖುಷಿ ಇಳಿದುಹೋಯಿತು. ಸಂಗಮೇಶ ಬಂದು ತಾಯಿಯ ಕೈ ಹಿಡಿದು, "ನಡೀ ಯವ್ವಾ, ಬಸ್ ಹೊಂಟೈತಿ," ಎಂದು ಕರೆದುಕೊಂಡು ಹೋದ. ದಾರಿಯಲ್ಲಿ ನಿಜವನ್ನು ತಾಯಿಗೆ ಹೇಳಿದನಂತೆ. ಮುಂದಿನ ಪಂದ್ಯಕ್ಕೆ ಬಂದಾಗ ಶಶಿಧರ್ ಕೈಗೆ ಒಂದು ಡಬ್ಬಿ ತುಂಬ ಶೇಂಗಾ ಹೋಳಿಗೆ ಕೊಟ್ಟರು. ನೋಡಿದವರಿಗೆ ಇದೇನೆಂದು ಅರ್ಥವಾಗಲಿಲ್ಲ.

ಆಮೇಲಿನದನ್ನು ಲೀಗ್ ನೋಡಿದವರು ಬಲ್ಲರು. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು, ಎಲ್ಲವನ್ನೂ ಗೆದ್ದೆವು. ಒಟ್ಟು ಆರು ಗೆಲುವು, ಎಂಟು ಸೋಲು. ಆರೇ ಗೆಲುವಿನ ಇನ್ನೊಂದು ತಂಡಕ್ಕಿಂತ, ಹೊಡೆದ ಮತ್ತು ಬಿಟ್ಟುಕೊಟ್ಟ ಅಂಕಗಳ ಅಂತರದಲ್ಲಿ, ನಾಲ್ಕು ಅಂಕ ಮುಂದಿದ್ದೆವೆಂದು ಸೆಮಿಫೈನಲ್‌ಗೆ ಕೊನೆಯವರಾಗಿ ನುಸುಳಿದೆವು. ಅಲ್ಲಿ ಎದುರಿದ್ದದ್ದು ಎರಡೇ ಪಂದ್ಯ ಸೋತು ಮೊದಲ ಸ್ಥಾನದಲ್ಲಿದ್ದ ತಂಡ. ಅವರನ್ನೂ ಸೋಲಿಸಿದೆವು. ಗಾಳಿಪಟ ಎಂದು ನಕ್ಕಿದ್ದ ಪತ್ರಿಕೆಯವರು ಈಗ ಹುಳಿಮಾವಿಗೆ ಹೋಗಿ ಮನುವಿನ ಮನೆಯ ಫೋಟೋ ತೆಗೆದುಕೊಂಡು ಬಂದರು. ಸಂಗಮೇಶನ ಬಗ್ಗೆ ಒಂದೇ ಸಾಲು ಬರೆದರು: ಫಾರ್ಮ್ ಕಳೆದುಕೊಂಡ ಹಿರಿಯ ಆಟಗಾರನನ್ನು ಕೈಬಿಡುವ ಧೈರ್ಯವನ್ನು ಕೋಚ್ ತೋರಿದರು.

ಈ ನಡುವೆ ಸಂಗಮೇಶ ಬದಲಾಗುತ್ತಿದ್ದ. ಎರಡನೇ ಗೆಲುವಿಗೆ ಚಪ್ಪಾಳೆ ತಟ್ಟಿದ. ಮೂರನೆಯದರಿಂದ ನನ್ನ ಪಕ್ಕ ಬಂದು ಕೂರತೊಡಗಿದ. "ಒಳಗ ಆಡುವಾಗ ಇದೆಲ್ಲಾ ಕಾಣೂದ ಇಲ್ರಿ," ಎನ್ನುತ್ತ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದ. ಸೆಮಿಫೈನಲ್‌ನ ಬಿಡುವಿನಲ್ಲಿ ಮನುವನ್ನು ಕರೆದು, "ಆ ಏಳನೇ ನಂಬರಿನವ ಎಡಕ್ಕ ಹೊಳ್ಳೂ ಮುಂಚೆ ಭುಜ ಇಳಸ್ತಾನ. ಭುಜಾ ನೋಡು, ಕಣ್ಣ ನೋಡಬ್ಯಾಡ," ಎಂದ. ಮುಂದಿನ ಹತ್ತು ನಿಮಿಷದಲ್ಲಿ ಮನು ಏಳನೇ ನಂಬರಿನವನಿಂದ ಮೂರು ಸಲ ಚೆಂಡು ಕಸಿದ.

ಫೈನಲ್ ದಿನ ಕ್ರೀಡಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂರನೇ ಕ್ವಾರ್ಟರಿನ ನಡುವೆ ನಾವು ಎಂಟು ಅಂಕ ಮುಂದಿದ್ದೆವು. ಮನು ಬೆವರಿ ಸುಸ್ತಾಗಿದ್ದ. ಶಶಿಧರ್ ಬೆಂಚಿನ ಕಡೆ ತಿರುಗಿ, "ಸಂಗಮೇಶ, ಹೋಗು," ಎಂದರು.

ಲೆಕ್ಕದ ಪ್ರಕಾರ ಅದು ತಪ್ಪು ನಿರ್ಧಾರ. ನನಗೆ ಗೊತ್ತಿತ್ತು, ಶಶಿಧರ್‌ಗೂ ಗೊತ್ತಿತ್ತು. ಇವನಿಂದ ಸಿಕ್ಕ ಫೈನಲ್‌ನಲ್ಲಿ ಇವನದೂ ಒಂದು ಪಾಲಿರಲಿ ಎಂಬ ಆಸೆ, ಅಷ್ಟೇ. ನಾನು ಬೇಡ ಎನ್ನಲಿಲ್ಲ. ನನಗೂ ಅದೇ ಆಸೆ ಇತ್ತು.

ಅವನು ಒಳಗೆ ಹೋದಾಗ ಇಡೀ ಕ್ರೀಡಾಂಗಣ ಎದ್ದು ನಿಂತಿತು. ಬಂದವನೇ ಮೂರು ಅಂಕದ ಗೆರೆಯ ಹೊರಗಿನಿಂದ ಒಂದು ಹೊಡೆದ. ಶರಣಮ್ಮ ಎರಡೂ ಕೈ ಬಾಯಿಗೆ ಒತ್ತಿಕೊಂಡರು. ಮುಂದಿನ ಸಲ ಚೆಂಡು ಅವನ ಕೈಗೆ ಬಂದಾಗ ವಿಷ್ಣು ನಿಂತ. ಇನ್ನೊಬ್ಬನೂ ನಿಂತ. ಆರು ಪಂದ್ಯಗಳಲ್ಲಿ ಬಿಟ್ಟುಹೋಗಿದ್ದ ಹಳೆಯ ಅಭ್ಯಾಸ ಒಂದೇ ನಿಮಿಷದಲ್ಲಿ ಮರಳಿತು. ಅವನ ತಪ್ಪೇನೂ ಇರಲಿಲ್ಲ. ಚೆಂಡನ್ನು ಬೇರೆಯವರಿಗೆ ಕೊಟ್ಟರೂ ಅವರು ತಿರುಗಿ ಅವನಿಗೇ ಕೊಡುತ್ತಿದ್ದರು. ನಾಲ್ಕು ನಿಮಿಷದಲ್ಲಿ ಅವನು ಐದು ಅಂಕ ಹೊಡೆದ, ಎದುರಾಳಿಗಳು ಹನ್ನೆರಡು ಹೊಡೆದರು. ಎಂಟಿದ್ದ ಅಂತರ ಒಂದಾಯಿತು.

ಶಶಿಧರ್ ಹಣೆ ಒರೆಸಿಕೊಂಡರು. ಅವನನ್ನು ವಾಪಸ್ ಕರೆಯಲು ಅವರಿಗೆ ಬಾಯಿ ಬರುತ್ತಿಲ್ಲವೆಂದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಆಟ ನಿಂತ ಒಂದು ಕ್ಷಣದಲ್ಲಿ ಸಂಗಮೇಶ ಸ್ಕೋರ್ ಫಲಕ ನೋಡಿದ. ಆಮೇಲೆ ಬೆಂಚಿನತ್ತ ತಿರುಗಿ ಕೈ ಎತ್ತಿ, ತನ್ನ ಬದಲಿಗೆ ಇನ್ನೊಬ್ಬನನ್ನು ಕಳಿಸಿರೆಂದು ಸನ್ನೆ ಮಾಡಿದ. ಉಳುಕಿದ್ದ ಪಾದ ಮತ್ತೆ ನೋಯುತ್ತಿದೆಯೆಂಬಂತೆ ಸ್ವಲ್ಪ ಕುಂಟುತ್ತ ಹೊರಬಂದ. ಮನು ಒಳಗೆ ಹೋದ.

ಎಪ್ಪತ್ತೊಂದು–ಅರವತ್ತೆಂಟು. ಗೆದ್ದೆವು. ಬೈರಣ್ಣನವರು ಅಂಕಣಕ್ಕೆ ಓಡಿ ರೆಫರಿಯನ್ನೇ ಅಪ್ಪಿಕೊಂಡರು. ಸಂಗಮೇಶನಿಗೂ ಎಲ್ಲರಂತೆ ಪದಕ ಹಾಕಿದರು. ಗುಂಪಿನ ಫೋಟೋದಲ್ಲಿ ಎತ್ತರಕ್ಕಾಗಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು, ಯಾರೋ ಎತ್ತಿದ ಕಪ್ ಅವನ ಮುಖಕ್ಕೆ ಅಡ್ಡ ಬಂದಿದೆ.

ಮುಂದಿನ ವರ್ಷ ಯಾವ ತಂಡವೂ ಅವನನ್ನು ಕರೆಯಲಿಲ್ಲ. ಫಾರ್ಮ್ ಹೋಗಿದೆ ಎಂಬ ಆ ಒಂದು ಸಾಲು ಎಲ್ಲ ಕಡೆ ತಲುಪಿತ್ತು. ನನಗೆ ಅದು ಸಹಿಸಲಾಗಲಿಲ್ಲ. ನಿಜ ಹೇಳುತ್ತೇನೆಂದೆ. ಅವನು ಬೇಡವೆಂದ. ಜೆಪಿ ನಗರದ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಸೇರಿಕೊಂಡ. ಭಾನುವಾರ ಬೆಳಗ್ಗೆ ಗಿರಿನಗರದ ಅಂಕಣದಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ.

ಹೀಗೇ ಮೂರು ವರ್ಷ ಕಳೆಯಿತು. ಕಳೆದ ಏಪ್ರಿಲ್‌ನಲ್ಲಿ ಶಶಿಧರ್ ಕೋಚ್ ಕೆಲಸ ಬಿಟ್ಟರು. ಬೈರಣ್ಣನವರ ಮಂಟಪದಲ್ಲಿ ಬೀಳ್ಕೊಡುಗೆ. ಮೈಕ್ ಹಿಡಿದ ಶಶಿಧರ್ ಎಲ್ಲರಿಗೂ ವಂದನೆ ಹೇಳಿ, "ಒಂದು ಮಾತು ಇಟ್ಕೊಂಡಿದೀನಿ. ಧೈರ್ಯ ತೋರಿಸಿದ ಕೋಚ್ ಅಂತ ಎಲ್ರೂ ನನ್ನ ಹೊಗಳ್ತೀರ. ಆ ಧೈರ್ಯ ನಂದಲ್ಲ," ಎಂದು ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಸಂಗಮೇಶ ಅಲ್ಲಿರಲಿಲ್ಲ, ಶಾಲೆಯ ಮಕ್ಕಳನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದ. ಮನು ಇದ್ದ. ಈಗ ಅವನೇ ತಂಡದ ನಾಯಕ. ಊಟ ಮಾಡದೆ ಎದ್ದು ಬಂದು ನನ್ನನ್ನು ಕೇಳಿದ, "ಅಕ್ಕ, ಅವರ ಮನೆ ಎಲ್ಲಿ?"

ಇಬ್ಬರೂ ಬಿಟಿಎಂಗೆ ಹೋದೆವು. ಸಂಗಮೇಶ ಆಗಷ್ಟೇ ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ. ಮನು ಕಾಲಿಗೆ ಬೀಳಬಹುದು, ಕಣ್ಣೀರು ಹಾಕಬಹುದು ಎಂದುಕೊಂಡಿದ್ದೆ. ಅವನು ಸಿಟ್ಟಾಗಿದ್ದ.

"ನನಗೆ ಹೇಳ್ಬೇಕಿತ್ತು ಅಣ್ಣ. ಆ ಜಾಗ ನಾನು ಗೆದ್ದು ತಗೊಂಡೆ ಅನ್ಕೊಂಡಿದ್ದೆ. ಮೂರು ವರ್ಷ ಅದೇ ಅನ್ಕೊಂಡು ಓಡಾಡಿದೀನಿ. ನೋಡಿದ್ರೆ ನೀವು ಕೊಟ್ಟಿದ್ದು!"

ಸಂಗಮೇಶ ಶೂ ಪಕ್ಕಕ್ಕಿಟ್ಟ.

"ನಾ ಕೊಟ್ಟಿಲ್ಲೋ ಮಾರಾಯಾ. ಅವತ್ತ ಹನ್ನೊಂದು–ಆರು ಸೋಲಿಸ್ದಿ ನನ್ನ, ನೆನಪೈತಿಲ್ಲೋ? ಅದ್ರಾಗ ನಾ ಗೆದ್ದಿದ್ರ ನಿನಗ ಜಾಗಾ ಬಿಡ್ತಿದ್ದೆ ಅಂತ ತಿಳಕೊಂಡ್ಯಾ? ಜೀವಾ ಹೋದ್ರೂ ಬಿಡ್ತಿದ್ದಿಲ್ಲ."

ಮನು ಹತ್ತಿರ ಬಂದ. "ನಿಜಾನಾ?"

"ಮೇಡಂನ ಕೇಳು."

ನಾನು ಹೌದೆಂದೆ. ಅದು ನಿಜವೇ ಎಂದು ನನಗೆ ಖಾತ್ರಿಯಿರಲಿಲ್ಲ. ಆ ಆಟದಲ್ಲಿ ಅವನು ಗೆದ್ದಿದ್ದರೆ ಏನಾಗುತ್ತಿತ್ತೆಂದು ಹೇಳಲು ಯಾವ ಅಂಕಿಅಂಶವೂ ಇಲ್ಲ. ಆದರೆ ಅವನು ಅವತ್ತು ಗೆಲ್ಲಲೇಬೇಕೆಂದು ಆಡಿದ್ದನ್ನು ಕಣ್ಣಾರೆ ಕಂಡಿದ್ದೆ. ಮನುವಿನ ಭುಜಗಳು ಸಡಿಲವಾದವು. ಒಳಗಿನಿಂದ ಶರಣಮ್ಮ, "ಬಾಗಲಾಗ ನಿಂತು ಏನ್ ಮಾತು? ಉಣ್ಣಾಕ ಬರ್ರಿ ಎಲ್ಲಾರೂ," ಎಂದು ಕರೆದರು. ಮಂಟಪದ ಊಟ ಬಿಟ್ಟು ಬಂದಿದ್ದ ಮನು ಐದು ರೊಟ್ಟಿ ತಿಂದ.

ಕೆಳಗೆ ಬೀಳ್ಕೊಡಲು ಬಂದ ಸಂಗಮೇಶನನ್ನು ನಾನು ಬಹಳ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದೆ. "ಕಪ್ ಗೆದ್ದ ದಿನ ಖುಷಿ ಆಗಿತ್ತಾ ಸಂಗಮೇಶ್?"

"ಅವತ್ತ ಆಗಿದ್ದಿಲ್ರಿ," ಎಂದ. "ಒಂದೆರಡು ತಿಂಗಳಾದ ಮ್ಯಾಲ ಒಮ್ಮೆ ಬಸ್ಸಿನ್ಯಾಗ ಹೊಂಟಿದ್ದೆ. ಮುಂದಿನ ಸೀಟಿನ್ಯಾಗ ಇಬ್ರು ಆ ಫೈನಲ್ ಬಗ್ಗೆ ಮಾತಾಡಾಕತ್ತಿದ್ರು. ಐದೂ ಮಂದಿ ಹೆಂಗ ಓಡ್ತಿದ್ರಪಾ ಅಂದ ಒಬ್ಬ. ಆಗ ಆತು."